ಗೌರಿ ಹಬ್ಬದ ಬ್ಲೌಸು ಹೊಲಿಯುತ್ತಿದ್ದೇನೆ

ಗುತ್ತಲು ರಸ್ತೆ ಕಡೆಯ ನನ್ನ ಗಿರಾಕಿಗಳಿಗೆಲ್ಲ ನಮಸ್ಕಾರ. ಏಳು ತಿಂಗಳಾದ ಮೇಲೆ ಸೋಮವಾರ ಅಂಗಡಿ ಬಾಗಿಲು ತೆಗೆದೆ. ಹೊಲಿದಿದ್ದು ಒಂದೇ ಒಂದು ಲಂಗ. ಅದಕ್ಕೇ ಎಷ್ಟು ಖುಷಿ ಅಂತೀರಿ!

ಸಂಕ್ರಾಂತಿ ಹೊತ್ತಿಗೆ ಜ್ವರ, ಕೆಮ್ಮು ಬಂದಿತ್ತು. ಫ್ಲೂ ಅಂದರು, ವಾರದಲ್ಲಿ ವಾಸಿಯೂ ಆಯಿತು. ಎರಡು ವಾರ ಕಳೆದ ಮೇಲೆ ಪಾದ ಜುಮ್ ಅನ್ನೋಕೆ ಶುರುವಾಯಿತು. ಮಾರನೇ ದಿನ ಅಂಗಳದಲ್ಲಿ ಎಡಗಾಲಿನ ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು. ನನಗೆ ಗೊತ್ತೇ ಆಗಲಿಲ್ಲ, ನೋಡಿದ್ದು ಅತ್ತೆ. ಒಂದು ಕ್ಲಿನಿಕ್ಕಿನಲ್ಲಿ ಸುಸ್ತು ಅಂತ ಹೇಳಿ ಬಿ12 ಇಂಜೆಕ್ಷನ್ ಕೊಟ್ಟು ಕಳಿಸಿದರು. ಸಂಜೆ ಮಿಷಿನ್ ಮುಂದೆ ಕೂತರೆ ಪೆಡಲ್ ಕೆಳಗೆ ಹೋಗಲೇ ಇಲ್ಲ. "ಇದು ಸುಸ್ತಲ್ಲ ಕಣವ್ವ, ಏಳು" ಅಂತ ಅತ್ತೆ ಆ ರಾತ್ರಿಯೇ ಮೈಸೂರಿಗೆ ಹೊರಡಿಸಿದರು. ಅವರು ಬೆಳಗಾಗಲಿ ಅಂದಿದ್ದರೆ ಏನಾಗುತ್ತಿತ್ತೋ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪುಟ್ಟ ಸುತ್ತಿಗೆಯಲ್ಲಿ ಮಂಡಿ ತಟ್ಟಿದರು. ಕಾಲು ಅಲುಗಲಿಲ್ಲ. "ಒಂದೇ ಉಸಿರಲ್ಲಿ ಎಷ್ಟಾಗುತ್ತೋ ಎಣಿಸಮ್ಮ" ಅಂದರು. 14ಕ್ಕೆ ನಿಂತೆ. ಇದೇನು ಮಕ್ಕಳಾಟ ಅಂದುಕೊಂಡೆ. ನಿಶ್ಶಕ್ತಿ ಕಾಲಿಂದ ಮೇಲೇರಿ ಉಸಿರಾಟದ ಸ್ನಾಯುಗಳಿಗೂ ಬಂತಾ ಅಂತ ನೋಡೋದು ಹೀಗಂತೆ. ಪುಣ್ಯಕ್ಕೆ ವೆಂಟಿಲೇಟರ್ ಬೇಕಾಗಲಿಲ್ಲ.

ಕಾಯಿಲೆ ಹೆಸರು ಗಿಯಾನ್-ಬಾರೆ ಸಿಂಡ್ರೋಮ್, ಜಿಬಿಎಸ್. ವೈರಸ್ಸು ನರದೊಳಗೆ ಹೊಕ್ಕಿದ್ದಲ್ಲ. ಅದರ ಮೇಲೆ ಯುದ್ಧಕ್ಕೆ ಹೊರಟ ನಮ್ಮದೇ ರೋಗನಿರೋಧಕ ಶಕ್ತಿ, ದಾರಿ ತಪ್ಪಿ ನರದ ಮೇಲಿನ ಪೊರೆಯನ್ನೇ ಹರಿಯುತ್ತದೆ. ಆಗ ಮಿದುಳು 'ತುಳಿ' ಅಂದರೂ ಸುದ್ದಿ ಕಾಲಿಗೆ ಮುಟ್ಟುವುದಿಲ್ಲ. ಫ್ಲೂ ಬಂದವರಿಗೆಲ್ಲ ಹೀಗಾಗಲ್ಲ, ಹೆದರಬೇಡಿ, ಇದು ಬಹಳ ಅಪರೂಪ. 1916ರಲ್ಲಿ ಫ್ರಾನ್ಸಿನ ಮೂವರು ವೈದ್ಯರು ಇಬ್ಬರು ಸೈನಿಕರಲ್ಲಿ ಇದನ್ನು ಕಂಡು ಬರೆದಿದ್ದರಂತೆ. ಸ್ಟ್ರೋಲ್ ಅನ್ನೋ ಮೂರನೆಯವರ ಹೆಸರು ಮಾತ್ರ ಕಾಯಿಲೆಯಲ್ಲಿ ಉಳಿಯಲಿಲ್ಲ, ಪಾಪ.

ಐದು ದಿನ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಹಾಕಿದರು. ತುಂಬಾ ದುಬಾರಿ. ಏನಿದು ಅಂತ ಸಿಸ್ಟರ್‌ನ ಕೇಳಿದೆ. ಸಾವಿರಾರು ಜನ ಕೊಟ್ಟ ರಕ್ತದ ಪ್ಲಾಸ್ಮಾ ಒಟ್ಟುಗೂಡಿಸಿ ತೆಗೆಯೋದು ಅಂದರು. ಆ ರಾತ್ರಿ ಬಾಟಲಿಯಿಂದ ಹನಿ ಬೀಳೋದನ್ನೇ ನೋಡುತ್ತಾ ಮಲಗಿದ್ದೆ. ಯಾರ್ಯಾರೋ, ಯಾವೂರಿನವರೋ. ರಕ್ತ ಕೊಟ್ಟು ಬಿಸ್ಕತ್ತು ತಿಂದು ಮನೆಗೆ ಹೋಗಿ ಮರೆತಿರುತ್ತಾರೆ. ಅತ್ತೆಗೆ ಕಾಲು ಮುಟ್ಟಿ ನಮಸ್ಕರಿಸಬಹುದು, ಡಾಕ್ಟರಮ್ಮನಿಗೆ ಮದ್ದೂರು ವಡೆ ಕೊಟ್ಟುಬಂದೆ. ಇವರಿಗೆ ಎಲ್ಲಿ ಅಂತ ಹೇಳಲಿ? ಅದಕ್ಕೇ ಇಲ್ಲಿ ಬರೆದಿದ್ದು.

ಗೋಡೆ ಹಿಡಿದು ನಡೆಸಿದ ಫಿಸಿಯೋ ಹುಡುಗನಿಗೂ ಥ್ಯಾಂಕ್ಸ್. ಬೈದುಕೊಳ್ಳುತ್ತಿದ್ದೆ, ಬೇಜಾರು ಮಾಡ್ಕೋಬೇಡಪ್ಪ.

ಇನ್ನು ನೀವು. ಬಟ್ಟೆ ವಾಪಸ್ ಕೇಳದೆ ಏಳು ತಿಂಗಳು ಕಾದಿರಿ. ಚೀಲಗಳ ಮೇಲೆ ಹೆಸರಿನ ಚೀಟಿ ಹಾಗೇ ಇದೆ. ಅರ್ಧ ಗಂಟೆ ತುಳಿದರೆ ಈಗಲೂ ಕಾಲು ನಡುಗುತ್ತೆ, ದಿನಕ್ಕೆ ಎರಡೇ ಬ್ಲೌಸು. ಗೌರಿ ಹಬ್ಬಕ್ಕೆ ಬೇಕಾದವರು ಒಂದ್ಸಲ ಬಂದು ಅಳತೆ ಕೊಟ್ಟುಹೋಗಿ. ಹಳೇ ಅಳತೆ ನಂಬೋಕಾಗಲ್ಲ, ಅಲ್ವಾ?