ಮಂಜನನ್ನು ಹಾಸಿಗೆಯಿಂದ ಎಬ್ಬಿಸಿ, ಅಪ್ಪಾಜಿ

ಲೆಸ್ಟರ್, ಇಂಗ್ಲೆಂಡ್, ಭಾನುವಾರ

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಮಗಳು ಸವಿತಾ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನಿಗೂ ಅಜ್ಜಿಗೂ ನಮಸ್ಕಾರ ತಿಳಿಸಿ.

ನಿಮ್ಮ ಕಾಗದ ಓದಿದಾಗಿನಿಂದ ಮನಸ್ಸು ತಿಪಟೂರಿನಲ್ಲೇ ಇದೆ. ಪೀಣ್ಯದಲ್ಲಿ ಭಾರ ಎತ್ತುವಾಗ ಮಂಜನ ಸೊಂಟ ಹಿಡಿದುಕೊಂಡಿದ್ದು ಗೊತ್ತಿತ್ತು. ಆದರೆ ಇನ್ನೂ ಮಲಗೇ ಇದ್ದಾನೆ, ಊಟವೂ ಹಾಸಿಗೆಗೇ ಹೋಗುತ್ತಿದೆ, ಪೂರ್ತಿ ವಾಸಿಯಾಗುವ ತನಕ ಕೆಲಸದ ಮಾತೇ ಬೇಡ ಎಂದು ಡಾಕ್ಟರು ಹೇಳಿದ್ದಾರೆ ಎಂದು ಬರೆದಿದ್ದೀರಲ್ಲ, ಅದಕ್ಕೇ ನನಗೆ ಭಯ.

ಮೊದಲು ಒಂದು ವಿಷಯ ಅವನನ್ನೇ ಕೇಳಿ. ಕಾಲಿನಲ್ಲಿ ಬಲ ಕಡಿಮೆಯಾಗಿದೆಯಾ? ಮೂತ್ರ ಕಟ್ಟುತ್ತದೆಯಾ, ಇಲ್ಲಾ ತಡೆಯಲು ಆಗುವುದಿಲ್ಲವಾ? ತೊಡೆಸಂದಿಯಲ್ಲಿ ಜೋಮು ಹಿಡಿದ ಹಾಗಿದೆಯಾ? ಇದರಲ್ಲಿ ಒಂದಿದ್ದರೂ ಅವತ್ತೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಚಿಕೊಂಡು ಮುಚ್ಚಿಡದಿರಲಿ.

ಯಾವುದೂ ಇಲ್ಲದಿದ್ದರೆ ಅವನನ್ನು ಎಬ್ಬಿಸಿ ನಡೆಸಿ. ತೋಟದ ತನಕ ಹೋಗಿ ಬರಲಿ. ಸ್ವಲ್ಪ ನೋವಾದರೆ ಬೆನ್ನು ಹಾಳಾಯಿತು ಅಂತಲ್ಲ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಹೆದರಿಕೆ ಬೆಳೆಯುತ್ತದೆ. ಮನೆಯಲ್ಲಿ ಕೂತ ದಿನ ಹೆಚ್ಚಾದಷ್ಟೂ ಕೆಲಸಕ್ಕೆ ಮರಳುವುದು ಕಷ್ಟವಾಗುತ್ತದೆ. ಇಲ್ಲಿ ಫಿಸಿಯೋಥೆರಪಿ ಮಾಡುವಾಗ ಇದನ್ನು ದಿನಾ ಕಣ್ಣಾರೆ ನೋಡುತ್ತಿದ್ದೇನೆ.

ನಾನು ಈಚೆಗೆ ಮುಗಿಸಿದ ತರಬೇತಿಯೂ ಇದೇ ವಿಷಯದ್ದು. ಇಲ್ಲಿ 2010ರ ಏಪ್ರಿಲ್ ತನಕ ಡಾಕ್ಟರು 'ಸಿಕ್ ನೋಟ್' ಬರೆಯುತ್ತಿದ್ದರಂತೆ, ರಜೆ ಬೇಕು ಅಂತ ಅಷ್ಟೇ. ಡೇಮ್ ಕ್ಯಾರಲ್ ಬ್ಲ್ಯಾಕ್ ಎಂಬ ಹಿರಿಯ ಡಾಕ್ಟರು 2008ರಲ್ಲಿ ಸರ್ಕಾರಕ್ಕೆ ಕೊಟ್ಟ ವರದಿಯ ಮೇಲೆ ಅದು 'ಫಿಟ್ ನೋಟ್' ಆಯಿತು. ಇಂಥ ಅನುಕೂಲ ಮಾಡಿಕೊಟ್ಟರೆ ಈತ ಕೆಲಸ ಮಾಡಬಹುದು ಎಂದು ಅದರಲ್ಲಿ ಬರೆಯಬಹುದು: ಮೊದಮೊದಲು ಅರ್ಧ ದಿನ, ಬೇರೆ ಪಾಳಿ, ಹಗುರ ಕೆಲಸ, ಕೂರುವ ಜಾಗದಲ್ಲಿ ಬದಲಾವಣೆ. 2022ರ ಜುಲೈಯಿಂದ ನಮ್ಮಂಥ ಫಿಸಿಯೋಗಳೂ, ನರ್ಸ್‌ಗಳೂ ಇದಕ್ಕೆ ಸಹಿ ಹಾಕಬಹುದು. ನಿಮ್ಮ ಮಗಳ ಸಹಿಗೆ ಇಲ್ಲಿ ಬೆಲೆ ಇದೆ ಅಪ್ಪಾಜಿ! ಇನ್ನೊಂದು ಕೇಳಿದರೆ ಅಮ್ಮ ನಗುತ್ತಾಳೆ. ಇಲ್ಲಿ ಕಾಯಿಲೆಯ ಮೊದಲ ಏಳು ದಿನಕ್ಕೆ ಡಾಕ್ಟರ ಚೀಟಿಯೇ ಬೇಡ, ನನಗೆ ಹುಷಾರಿಲ್ಲ ಎಂದು ಅವರೇ ಬರೆದುಕೊಟ್ಟರೆ ಸಾಕು.

ತರಬೇತಿಯಲ್ಲಿ ಕಲಿಸಿದ್ದು ಮುಖ್ಯವಾಗಿ ಕೇಳುವುದನ್ನು. ಎಲ್ಲಿ ನೋಯುತ್ತದೆ ಎಂದು ಎಲ್ಲರೂ ಕೇಳುತ್ತೇವೆ. ನಿನ್ನ ಕೆಲಸ ಏನು, ಎಷ್ಟು ಭಾರ, ಎಷ್ಟು ಎತ್ತರಕ್ಕೆ ಎತ್ತಬೇಕು, ಎಷ್ಟು ಹೊತ್ತು ನಿಂತಿರಬೇಕು, ಮೇಸ್ತ್ರಿ ಎಂಥವನು, ಮತ್ತೆ ಹೋದರೆ ಏನಾಗುತ್ತದೆ ಅಂತ ಭಯ? ಇವನ್ನು ಮೊದಲ ಭೇಟಿಯಲ್ಲೇ ಕೇಳಬೇಕು. ಗೋಡೌನ್‌ನಲ್ಲಿ ಪೆಟ್ಟಿಗೆ ಹೊರುವವರು ಇಲ್ಲಿ ತುಂಬಾ ಬರುತ್ತಾರೆ. ಎಷ್ಟೋ ಜನರಿಗೆ ಬೆನ್ನಿಗಿಂತ ಆ ಭಯವೇ ದೊಡ್ಡದು. ಮಂಜನಿಗೂ ಹಾಗೇ ಇರಬಹುದು, ನಿಮ್ಮ ಹತ್ತಿರ ಹೇಳಿಕೊಳ್ಳುವುದಿಲ್ಲ ಅಷ್ಟೇ.

ಆದ್ದರಿಂದ ಡಾಕ್ಟರ ಹತ್ತಿರ ಮತ್ತೆ ಹೋಗಿ, ಅವನಿಂದ ಏನೇನು ಮಾಡಲು ಆಗುತ್ತದೆ ಎಂದು ಬರೆಸಿಕೊಳ್ಳಿ. ಅದನ್ನು ಹಿಡಿದು ಕಾರ್ಖಾನೆಯವರ ಹತ್ತಿರ ಮಾತಾಡಿ. ಎತ್ತುವ ಕೆಲಸ ಬಿಟ್ಟು ಸ್ವಲ್ಪ ದಿನ ಸ್ಟೋರ್‌ನಲ್ಲೋ ಚೆಕಿಂಗ್‌ನಲ್ಲೋ ಹಾಕಲಿ.

ದುಡ್ಡಿನ ವಿಷಯ. ಅವನಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇದೆಯಲ್ಲ, ಕಾರ್ಖಾನೆಯವರು ಅಪಘಾತದ ವರದಿ ಕಳಿಸಿದ್ದಾರಾ ವಿಚಾರಿಸಿ. ಕೆಲಸದಲ್ಲಾದ ಪೆಟ್ಟು ಎಂದು ದಾಖಲಾದರೆ, ಇಎಸ್‌ಐ ಡಾಕ್ಟರು ಸರ್ಟಿಫಿಕೇಟ್ ಕೊಡುವಷ್ಟು ದಿನ ಸಂಬಳದ ಶೇಕಡ 90 ಸಿಗುತ್ತದೆ. ಬರೀ ಕಾಯಿಲೆ ಎಂದು ಬರೆದರೆ ಶೇಕಡ 70, ಅದೂ ವರ್ಷಕ್ಕೆ 91 ದಿನ ಮಾತ್ರ. ಕೆಲಸಕ್ಕೆ ಹೋದ ದಿನಗಳಿಗೆ ಈ ಹಣ ಬರುವುದಿಲ್ಲ, ಹಗುರ ಕೆಲಸಕ್ಕೂ ಪೂರ್ತಿ ಸಂಬಳ ಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ತೋಟದ ಮೇಲೆ ಸಾಲ ಮಾಡಬೇಡಿ, ನಾನು ಕಳಿಸುತ್ತೇನೆ.

ಅಮ್ಮ ಅಳುವುದು ಬೇಡ. ಮಂಜನ ವಯಸ್ಸಿಗೆ ಇಂಥ ಸೊಂಟ ನೋವು ಸಾಮಾನ್ಯವಾಗಿ ವಾಸಿಯಾಗುತ್ತದೆ, ನಾನು ಹೇಳುತ್ತಿದ್ದೇನಲ್ಲ, ನಂಬಿ. ನಾನೂ ಚೆನ್ನಾಗಿದ್ದೇನೆ, ಹೊತ್ತು ಹೊತ್ತಿಗೆ ಉಣ್ಣುತ್ತೇನೆ, ಚಳಿಯೇನೂ ಅಷ್ಟಿಲ್ಲ, ಸ್ವೆಟರ್ ಹಾಕಿಕೊಳ್ಳುತ್ತೇನೆ. ನನ್ನ ಚಿಂತೆ ಬಿಡಿ.

ಬುಧವಾರ ಸಂಜೆ ವಿಡಿಯೋ ಕಾಲ್ ಮಾಡುತ್ತೇನೆ, ಮಂಜ ಎದ್ದು ನಡೆದು ತೋರಿಸಬೇಕು. ಬಸ್ಸಿಗೆ ಹೊತ್ತಾಯಿತು, ಮಿಕ್ಕಿದ್ದು ಆಗ.

ನಿಮ್ಮ ಮಗಳು,
ಸವಿತಾ