ಆಟಿಸಂ ಶಾಲೆಯ ಶುಲ್ಕ ಸರ್ಕಾರ ಭರಿಸಲಿ

ಮಾನ್ಯ ಸಂಪಾದಕರೇ,

ಆಟಿಸಂ (ಮಾತು, ಒಡನಾಟ, ಗ್ರಹಿಕೆಯ ಬೆಳವಣಿಗೆ ಭಿನ್ನವಾಗಿರುವ ಸ್ಥಿತಿ) ಇರುವ ಮಕ್ಕಳಿಗೆಂದೇ ನಡೆಯುವ ಖಾಸಗಿ ಶಾಲೆಗಳ ಮಾತು ಬಂದಾಗಲೆಲ್ಲ ‘ಸುಲಿಗೆ’ ಎಂಬ ಪದ ಜನರ ಬಾಯಿಗೆ ಸಲೀಸಾಗಿ ಬರುತ್ತದೆ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದ, ಆಟಿಸಂ ಇರುವ ಮೊಮ್ಮಗನ ಅಜ್ಜಿಯೂ ಆದ ನನಗೆ ಹಾಗೆ ಅಂದುಬಿಡಲು ಮನಸ್ಸು ಒಪ್ಪುವುದಿಲ್ಲ. ಕಾನೂನು ಉಚಿತವೆಂದು ಬರೆದುಕೊಟ್ಟ ಶಿಕ್ಷಣಕ್ಕೆ ಹೆತ್ತವರು ಸಾಲ ಮಾಡಿ ಹಣ ಕಟ್ಟುತ್ತಿರುವಾಗ ಸರ್ಕಾರ ಸುಮ್ಮನಿದೆಯಲ್ಲ, ನನ್ನ ಸಿಟ್ಟು ಅದರ ಮೇಲೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ನೋಡಿ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಇರುವ, 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ, ತನ್ನ ಆಯ್ಕೆಯಂತೆ ಉಚಿತವಾಗಿ ಕಲಿಯುವ ಹಕ್ಕಿದೆ ಎಂದು ಅದು ಹೇಳುತ್ತದೆ. ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. 2017ರ ಏಪ್ರಿಲ್‌ನಿಂದ ಕಾಯ್ದೆ ಜಾರಿಯಲ್ಲೂ ಇದೆ. ಆದರೂ ಆಟಿಸಂ ಇದೆಯೆಂದು ವೈದ್ಯರು ಹೇಳಿದ ದಿನದಿಂದಲೇ ಹೆತ್ತವರು ಮೊದಲು ಲೆಕ್ಕ ಹಾಕಬೇಕಾಗಿರುವುದು ದುಡ್ಡನ್ನು.

ಸಾಮಾನ್ಯ ಶಾಲೆಗಳು ಬಾಗಿಲು ತೆರೆದಿದ್ದರೆ ಎಷ್ಟೋ ಕುಟುಂಬಗಳು ವಿಶೇಷ ಶಾಲೆ ಹುಡುಕಿ ಅಲೆಯುತ್ತಲೇ ಇರಲಿಲ್ಲ. ಶಾಲೆಯ ಗಂಟೆ ಹೊಡೆದಾಗ ನನ್ನ ಮೊಮ್ಮಗ ಎರಡೂ ಕಿವಿ ಮುಚ್ಚಿಕೊಂಡು ಬೆಂಚಿನ ಅಡಿ ಸೇರುತ್ತಿದ್ದ. ಆ ಸದ್ದು ಅವನಿಗೆ ನೋವು ಕೊಡುತ್ತದೆ ಎಂದು ಹೇಳಿದರೂ ಅಲ್ಲಿಯವರಿಗೆ ಅದು ಹಟವಾಗಿಯೇ ಕಂಡಿತು. ಕೊನೆಗೆ, ಅವನ ಪಕ್ಕದಲ್ಲಿ ಕೂರಲು ಶ್ಯಾಡೋ ಟೀಚರ್ ಒಬ್ಬರನ್ನು ನಿಮ್ಮದೇ ಖರ್ಚಿನಲ್ಲಿ ಇಟ್ಟುಕೊಂಡರೆ ಮಾತ್ರ ಮುಂದುವರಿಸುತ್ತೇವೆ ಎಂದರು. ನನ್ನ ಮಗಳು ಕೆಲಸ ಬಿಟ್ಟು, ಮಗುವನ್ನು ವಿಶೇಷ ಶಾಲೆಗೆ ಸೇರಿಸಲು ಬೆಂಗಳೂರಿಗೆ ಹೋದಳು. ಅಳಿಯ ದಾವಣಗೆರೆಯಲ್ಲೇ ಉಳಿದರು. ಈಗ ಎರಡು ಮನೆ, ಎರಡು ಬಾಡಿಗೆ, ಒಂದೇ ಸಂಬಳ. ಇದು ನಮ್ಮೊಬ್ಬರ ಪಾಡಲ್ಲ. ಮೊಮ್ಮಗನ ಆ ಶಾಲೆಯ ಜಗಲಿಯಲ್ಲಿ ಕಾಯುತ್ತಾ ಕುಳಿತ ತಾಯಂದಿರನ್ನು ಮಾತನಾಡಿಸಿದರೆ ರಾಯಚೂರು, ಹಾವೇರಿ, ಚಿಕ್ಕಮಗಳೂರು ಎಂದು ಊರುಗಳ ಹೆಸರು ಬರುತ್ತವೆ.

ಆ ಶಾಲೆಯಲ್ಲಿ ಒಂದು ಬೆಳಿಗ್ಗೆ ಕುಳಿತು ನೋಡಿದ್ದೇನೆ. ಗೋಡೆಯಲ್ಲಿ ಮಗುವಿನ ಕಣ್ಣಿನ ಎತ್ತರಕ್ಕೆ ಒಂದು ಪಟ್ಟಿ, ಅದರ ಮೇಲೆ ಆ ದಿನದ ಕೆಲಸಗಳ ಚಿತ್ರಗಳು: ಚೀಲ ಇಡುವುದು, ಮಣಿ ಪೋಣಿಸುವುದು, ತಿಂಡಿ, ಉಯ್ಯಾಲೆ. ಒಂದು ಕೆಲಸ ಮುಗಿದರೆ ಮಗುವೇ ಆ ಚಿತ್ರವನ್ನು ಕಿತ್ತು ಡಬ್ಬಿಗೆ ಹಾಕುತ್ತದೆ. ಮುಂದೇನು ಎಂಬುದು ಕಣ್ಣೆದುರೇ ಇರುವುದರಿಂದ ಗಾಬರಿ ಕಡಿಮೆ. ಇನ್ನೂ ಮಾತು ಬಾರದ ಹುಡುಗಿಯೊಬ್ಬಳು ಲೋಟದ ಚಿತ್ರವನ್ನು ತಂದು ಶಿಕ್ಷಕಿಯ ಕೈಗಿಟ್ಟಳು. ಶಿಕ್ಷಕಿ ತಕ್ಷಣ ‘ನೀರು ಬೇಕು’ ಎಂದು ಬಾಯಿಬಿಟ್ಟು ಹೇಳಿ ನೀರು ಕೊಟ್ಟರು. ಅಳದೆ, ಕೂಗದೆ ಒಂದು ಮಗು ತನಗೆ ಬೇಕಾದ್ದನ್ನು ಕೇಳಿ ಪಡೆಯಿತು. ಒಂದನೇ ತರಗತಿಗೆ ಅಕ್ಷರ ಕಲಿಸಿದವಳಾಗಿ ಹೇಳುತ್ತೇನೆ, ಸ್ಲೇಟಿನ ಮೇಲೆ ಮೊದಲ ಅಕ್ಷರ ತಿದ್ದಿದಷ್ಟೇ ದೊಡ್ಡ ಕಲಿಕೆ ಅದು. ಆ ಕೋಣೆಯಲ್ಲಿ ಇದ್ದದ್ದು ನಾಲ್ಕು ಮಕ್ಕಳು, ಇಬ್ಬರು ಶಿಕ್ಷಕಿಯರು. ಜೊತೆಗೆ ಮಾತು ಕಲಿಸುವ ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸಗಳಿಗೆ ಅಣಿಗೊಳಿಸುವ ಆಕ್ಯುಪೇಷನಲ್ ಥೆರಪಿಗೆ ಬೇರೆ ಬೇರೆ ತಜ್ಞರು. ಇಂಥ ಶಾಲೆ ಅಗ್ಗವಾಗಿ ನಡೆಯಲು ಸಾಧ್ಯವೇ ಇಲ್ಲ. ಹಾಗೆಂದು ಆ ಭಾರವೆಲ್ಲ ಹೆತ್ತವರ ತಲೆಯ ಮೇಲೆಯೇ ಬೀಳಬೇಕೆಂದು ಯಾವ ಕಾಯ್ದೆಯೂ ಹೇಳಿಲ್ಲ.

ಸರ್ಕಾರದಿಂದ ಸಿಗುವ ನೆರವನ್ನೂ ಹೇಳಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಮತ್ತು ಥೆರಪಿಯ ಖರ್ಚು ಕೊಡುತ್ತದೆ, ಶಾಲೆಯ ಶುಲ್ಕವನ್ನಲ್ಲ. ಆದಾಯ ತೆರಿಗೆ ಲೆಕ್ಕ ಹಾಕುವಾಗ, ವೈಕಲ್ಯ ಇರುವ ಅವಲಂಬಿತರಿಗಾಗಿ ಆದಾಯದಲ್ಲಿ 75 ಸಾವಿರ, ತೀವ್ರ ವೈಕಲ್ಯವಾದರೆ 1.25 ಲಕ್ಷ ರೂಪಾಯಿ ಕಳೆಯಲು ಅವಕಾಶ ಇದೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದೂ ಇಲ್ಲ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ಆಟೊ ಚಾಲಕನಿಗೆ, ಕೂಲಿಯವರಿಗೆ ಇದರಿಂದ ಬಂದದ್ದೇನು?

ಸರ್ಕಾರಿ ಶಾಲೆಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ (ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರಿದ್ದಾರೆ. ಅವರ ಶ್ರಮವನ್ನು ಹತ್ತಿರದಿಂದ ಕಂಡಿದ್ದೇನೆ. ಬೆರಳೆಣಿಕೆಯ ಮಂದಿ ಇಡೀ ತಾಲ್ಲೂಕು ಸುತ್ತಬೇಕು, ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗಬೇಕು. ದಿನವೂ ಒಂದೇ ಮುಖ, ಒಂದೇ ಕ್ರಮ ಬೇಕಾದ ಆಟಿಸಂ ಮಗುವಿಗೆ ಯಾವಾಗಲೋ ಒಮ್ಮೆ ಬಂದು ಹೋಗುವ ಶಿಕ್ಷಕರಿಂದ ಏನಾದೀತು? ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ, ಮುಂದಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಹುದ್ದೆಗಳನ್ನು ಗುರುತಿಸಿ ಕಾಯಂ ನೇಮಕಾತಿ ಮಾಡಿ ಎಂದು 2025ರ ಮಾರ್ಚ್‌ನಲ್ಲಿ ಮತ್ತೆ ರಾಜ್ಯಗಳಿಗೆ ಸೂಚಿಸಬೇಕಾಯಿತು.

ಕಾಯ್ದೆಯಲ್ಲಿರುವ ವಿಶೇಷ ಶಾಲೆ ಎಂದರೆ ಸರ್ಕಾರದ ವಿಶೇಷ ಶಾಲೆ ಮಾತ್ರ ಎಂದು ಅಧಿಕಾರಿಗಳು ವಾದಿಸಬಹುದು. ಹಾಗಿದ್ದರೆ ಆಟಿಸಂ ಮಕ್ಕಳಿಗೆ ಜಿಲ್ಲೆಗೊಂದು ಶಾಲೆ ತೆರೆದು ತೋರಿಸಲಿ, ನಾಳೆಯೇ ಮೊಮ್ಮಗನನ್ನು ದಾವಣಗೆರೆಗೆ ಕರೆತರುತ್ತೇವೆ. ಅಲ್ಲಿಯವರೆಗೆ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇರುವ ಮಗುವಿನ ವಿಶೇಷ ಶಾಲೆಯ ಶುಲ್ಕವನ್ನು, ಕುಟುಂಬದ ಆದಾಯ ನೋಡಿ, ಸರ್ಕಾರವೇ ಭರಿಸಬೇಕು. ಇದೇನೂ ಹೊಸ ದಾರಿಯಲ್ಲ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಅಡಿ ಖಾಸಗಿ ಶಾಲೆ ಸೇರಿದ ಮಕ್ಕಳ ಶುಲ್ಕವನ್ನು ನಮ್ಮ ರಾಜ್ಯವೇ ಶಾಲೆಗಳಿಗೆ ಮರುಪಾವತಿ ಮಾಡಿದೆ.

ಹಣ ಕೊಡುವಾಗ ಕಣ್ಣು ಮುಚ್ಚಿ ಕೊಡಬಾರದು. ನಾವು ಶಾಲೆ ಹುಡುಕುವಾಗ ಕಿಟಕಿಗೆಲ್ಲ ಪರದೆ ಎಳೆದು, ‘ಪೋಷಕರಿಗೆ ಒಳಗೆ ಪ್ರವೇಶವಿಲ್ಲ’ ಎಂದ ಕೇಂದ್ರವನ್ನೂ ಕಂಡೆವು. ‘ಆರು ತಿಂಗಳಲ್ಲಿ ಪೂರ್ತಿ ಗುಣಪಡಿಸುತ್ತೇವೆ’ ಎಂದವರೂ ಸಿಕ್ಕರು. ಆಟಿಸಂ ಹಾಗೆ ಗುಣವಾಗುವ ರೋಗವಲ್ಲ. ಮಗು ಕಲಿಯುತ್ತದೆ, ಅದರ ದಾರಿ ಬೇರೆ, ಅಷ್ಟೆ. ಮಾತು ಬಾರದ ಮಗು ಒಳಗೆ ಏನಾಯಿತೆಂದು ಮನೆಗೆ ಬಂದು ಹೇಳಲಾರದು. ಆದ್ದರಿಂದಲೇ ಮುಚ್ಚಿದ ಪರದೆ ನನ್ನಲ್ಲಿ ಭಯ ಹುಟ್ಟಿಸುತ್ತದೆ. 2016ರ ಅದೇ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ವಿಕಲಚೇತನರಿಗೆ ಶಿಕ್ಷಣ, ತರಬೇತಿ ನೀಡುವ ಯಾವ ಖಾಸಗಿ ಸಂಸ್ಥೆಯನ್ನೂ ನೋಂದಣಿ ಪ್ರಮಾಣಪತ್ರವಿಲ್ಲದೆ ನಡೆಸುವಂತಿಲ್ಲ. ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಆದರೆ ಜಾಹೀರಾತು ನೋಡಿ ಹೋಗುವ ಹೆತ್ತವರಿಗೆ ಇದನ್ನೆಲ್ಲ ಪರೀಕ್ಷಿಸುವ ದಾರಿ ಎಲ್ಲಿದೆ?

ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಶಿಕ್ಷಣ ಇಲಾಖೆಯೊಂದಿಗೆ ಸೇರಿ ನೋಂದಾಯಿತ ಶಾಲೆಗಳ ಪಟ್ಟಿಯನ್ನು ಜಿಲ್ಲಾವಾರು, ಕನ್ನಡದಲ್ಲಿ, ಎಲ್ಲರಿಗೂ ಸುಲಭವಾಗಿ ಸಿಗುವಂತೆ ಪ್ರಕಟಿಸಬೇಕು. ಪ್ರತಿ ಶಾಲೆಯ ಶುಲ್ಕ, ಮಕ್ಕಳ ಮತ್ತು ಶಿಕ್ಷಕರ ಸಂಖ್ಯೆ, ಶಿಕ್ಷಕರ ನೋಂದಣಿ ವಿವರ ಅದರಲ್ಲಿರಲಿ. ತರಗತಿಯಲ್ಲಿ ಕುಳಿತು ನೋಡಲು ಹೆತ್ತವರಿಗೆ ಅವಕಾಶ ಕೊಡದ ಶಾಲೆಗೆ ಸರ್ಕಾರದ ಒಂದು ರೂಪಾಯಿಯೂ ಸಲ್ಲಬಾರದು. ಮುಂದಿನ ಶೈಕ್ಷಣಿಕ ವರ್ಷದ ದಾಖಲಾತಿ ಶುರುವಾಗುವ ಮೊದಲೇ ಈ ಪಟ್ಟಿ ಹೊರಬರಲಿ ಎಂದು ಇಬ್ಬರೂ ಸಚಿವರನ್ನು ನಿಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ನಿವೃತ್ತ ಶಿಕ್ಷಕಿ, ದಾವಣಗೆರೆ