ಜಾವಾ ಪ್ರವಾಸದ ಡಿಯೆಂಗ್ ಭಾಗದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ನಮ್ಮ ಸಂಸ್ಥೆಯ ಜಾವಾ–ಬಾಲಿ ಪ್ರವಾಸಕ್ಕೆ ಈಗಾಗಲೇ ಹೆಸರು ನೋಂದಾಯಿಸಿರುವವರಿಗೂ, ಹೊರಡುವ ಆಲೋಚನೆಯಲ್ಲಿರುವವರಿಗೂ ಒಂದು ಬದಲಾವಣೆಯನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇವೆ. ಮಧ್ಯ ಜಾವಾದ ಡಿಯೆಂಗ್ ಪ್ರಸ್ಥಭೂಮಿಯನ್ನು ಯೋಗ್ಯಕರ್ತಾದಿಂದ ಹೊರಟು ಒಂದೇ ದಿನದಲ್ಲಿ ನೋಡಿ ಬರುವ ವ್ಯವಸ್ಥೆಯನ್ನು ಕೈಬಿಟ್ಟಿದ್ದು, ಮುಂದಿನ ಋತುವಿನಿಂದ ಪ್ರತಿ ತಂಡವೂ ಅಲ್ಲಿನ ಸೆಂಬುಂಗಾನ್ ಎಂಬ ಹಳ್ಳಿಯಲ್ಲಿ ಎರಡು ರಾತ್ರಿ ತಂಗಲಿದೆ. ಪ್ರವಾಸದ ಒಟ್ಟು ದಿನಗಳು ಹೆಚ್ಚುವುದಿಲ್ಲ. ಯೋಗ್ಯಕರ್ತಾ ನಗರದ ಎರಡು ರಾತ್ರಿಗಳನ್ನೇ ಹಳ್ಳಿಗೆ ವರ್ಗಾಯಿಸಿದ್ದೇವೆ. ಬೊರೊಬುದುರ್ ಮತ್ತು ಪ್ರಂಬನನ್ ಭೇಟಿಗಳು ಮೊದಲಿನಂತೆಯೇ ಇರುತ್ತವೆ, ಮಾಲಿಯೊಬೊರೊ ಬೀದಿಯಲ್ಲಿ ಖರೀದಿಗೆಂದು ಬಿಡುತ್ತಿದ್ದ ಸಂಜೆ ಮಾತ್ರ ಇರುವುದಿಲ್ಲ. ಬಾತಿಕ್ ಬಟ್ಟೆ ಕೊಳ್ಳಬೇಕೆಂದಿದ್ದವರಿಗೆ ಇದರಿಂದ ಬೇಸರವಾಗುತ್ತದೆಂದು ಬಲ್ಲೆವು. ಆದರೂ ಈ ಅದಲುಬದಲಿನಲ್ಲಿ ನಿಮಗೆ ನಷ್ಟವಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸೆಂಬುಂಗಾನ್ ವೊನೊಸೊಬೊ ಜಿಲ್ಲೆಯಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿರುವ ಇದನ್ನು ಜಾವಾ ದ್ವೀಪದಲ್ಲೇ ಅತಿ ಎತ್ತರದ ಹಳ್ಳಿಯೆಂದು ಗುರುತಿಸುತ್ತಾರೆ; ನಮ್ಮ ಮುಳ್ಳಯ್ಯನಗಿರಿಯ ತುದಿ ಇದಕ್ಕಿಂತ ಕೆಳಗೇ ಉಳಿಯುತ್ತದೆ. ಊರಿನ ಮಗ್ಗುಲಲ್ಲಿ ಚೆಬೊಂಗ್ ಎಂಬ ಸಣ್ಣ ಕೆರೆ, ಅದರಾಚೆಗೆ ಸಿಕುನಿರ್ ಗುಡ್ಡ. ಈ ಗುಡ್ಡದ ಮೇಲಿಂದ ಸಿಂದೋರೊ ಪರ್ವತದ ಪಕ್ಕದಲ್ಲಿ ಸೂರ್ಯ ಹುಟ್ಟುವುದನ್ನು ನೋಡಲೆಂದೇ ಹೆಚ್ಚಿನವರು ಡಿಯೆಂಗ್‌ಗೆ ಬರುತ್ತಾರೆ. ಯೋಗ್ಯಕರ್ತಾದಿಂದ ಇಲ್ಲಿಗೆ ಮೂರು ನಾಲ್ಕು ತಾಸಿನ ಘಟ್ಟದ ದಾರಿಯಾದ್ದರಿಂದ, ಹಳೆಯ ವ್ಯವಸ್ಥೆಯಲ್ಲಿ ನಡುರಾತ್ರಿಯೇ ವಾಹನ ಹತ್ತಿ, ಕತ್ತಲಲ್ಲಿ ತಿರುವುಗಳನ್ನು ದಾಟಿ, ಇಳಿದ ಕೂಡಲೇ ಚಳಿಯಲ್ಲಿ ಗುಡ್ಡ ಏರಬೇಕಾಗುತ್ತಿತ್ತು. ಸೂರ್ಯೋದಯ ಸಿಗುತ್ತಿತ್ತು, ನಿಜ. ಆಮೇಲಿನ ಇಡೀ ದಿನ ತೂಕಡಿಕೆಯಲ್ಲಿ ಕಳೆಯುತ್ತಿತ್ತು. ಹಳ್ಳಿಯಲ್ಲೇ ಮಲಗಿ ಎದ್ದವರಿಗೆ ಗುಡ್ಡದ ಬುಡ ಹತ್ತಿರದಲ್ಲೇ ಇರುತ್ತದೆ. ಮೊದಲ ಮುಂಜಾನೆ ಮೋಡ ಕವಿದರೆ ಎರಡನೆಯದೂ ಕೈಯಲ್ಲಿರುತ್ತದೆ.

ಇನ್ನೊಂದು ಕಾರಣ ಡಿಯೆಂಗ್‌ನ ದೇವಾಲಯಗಳು. ಇವು ಜಾವಾದಲ್ಲಿ ಉಳಿದಿರುವ ಅತ್ಯಂತ ಹಳೆಯ ಹಿಂದೂ ಗುಡಿಗಳ ಸಾಲಿಗೆ ಸೇರಿದವು, ಕ್ರಿ.ಶ. 809ರ ಒಂದು ಶಾಸನ ಇಲ್ಲಿ ದೊರೆತಿದೆ, ಎಂದರೆ ಪ್ರಂಬನನ್‌ನ ಶಿವಾಲಯಕ್ಕಿಂತ ಹಿಂದಿನ ಕಾಲದ್ದು. ಈಗ ನಿಂತಿರುವವು ಎಂಟು ಮಾತ್ರ. ಅರ್ಜುನ, ಶ್ರೀಕಾಂಡಿ, ಪುಂತದೇವ, ಸೆಂಬಾದ್ರ ಮತ್ತು ಸೆಮಾರ್ ಒಂದೇ ಬಯಲಿನಲ್ಲಿ ಒತ್ತಾಗಿವೆ. ಘಟೋತ್ಕಚ, ಭೀಮ, ದ್ವಾರಾವತಿ ಬೇರೆ ಬೇರೆ ಕಡೆ ಇವೆ. ಪುಂತದೇವನೆಂದರೆ ನಮ್ಮ ಧರ್ಮರಾಯ, ಸೆಂಬಾದ್ರ ಎಂದರೆ ಸುಭದ್ರೆ. ಶ್ರೀಕಾಂಡಿ ಎಂದರೆ ನಮ್ಮ ಶಿಖಂಡಿ, ಜಾವಾದ ತೊಗಲುಗೊಂಬೆಯಾಟದಲ್ಲಿ ಬಿಲ್ಲು ಹಿಡಿದ ವೀರ ಹೆಣ್ಣು. ಇನ್ನು ಸೆಮಾರ್ ನಮ್ಮ ಮಹಾಭಾರತದಲ್ಲಿ ಇಲ್ಲವೇ ಇಲ್ಲ: ಪಾಂಡವರಿಗೆ ಬುದ್ಧಿ ಹೇಳುವ ಈ ಡೊಳ್ಳುಹೊಟ್ಟೆಯ ವಿದೂಷಕ ಸೇವಕ ಜಾವಾದವರದೇ ಸೃಷ್ಟಿ. ಈ ಹೆಸರುಗಳೆಲ್ಲ ಗುಡಿಗಳಿಗೆ ಬಹಳ ತಡವಾಗಿ ಅಂಟಿಕೊಂಡವು ಎಂಬುದನ್ನು ನೆನಪಿನಲ್ಲಿಡಬೇಕು. ಮೂಲದಲ್ಲಿ ಇವು ಶಿವನಿಗೆ ಸಂಬಂಧಿಸಿದವು. ಶ್ರೀಕಾಂಡಿ ಗುಡಿಯ ಹೊರಗೋಡೆಗಳ ಮೇಲೆ ವಿಷ್ಣು, ಶಿವ, ಬ್ರಹ್ಮರ ಉಬ್ಬುಶಿಲ್ಪಗಳು ಇಂದಿಗೂ ಕಾಣುತ್ತವೆ. ಭೀಮ ಗುಡಿಯ ಶಿಖರದಲ್ಲಿ ಕುದುರೆಲಾಳದಾಕಾರದ ಗೂಡುಗಳಿಂದ ಮುಖಗಳು ಇಣುಕುತ್ತವೆ. ಇಷ್ಟೊಂದು ಭಾರತೀಯ ಛಾಯೆಯಿರುವ ಶಿಖರ ಜಾವಾದಲ್ಲಿ ಅಪರೂಪ. ಪಟ್ಟದಕಲ್ಲು ನೋಡಿ ಬಂದವರು ಇದರ ಮುಂದೆ ಹತ್ತು ನಿಮಿಷದಲ್ಲಿ ಹೊರಡಲು ಒಪ್ಪುವುದಿಲ್ಲ. ಹಾಗಾಗಿ ಗುಡಿಗಳಿಗೆ ಈಗ ಒಂದು ಪೂರ್ತಿ ಬೆಳಗನ್ನು ಮೀಸಲಿಟ್ಟಿದ್ದೇವೆ.

ಹಳ್ಳಿಯ ಸುತ್ತಲಿನ ಇಳಿಜಾರುಗಳೆಲ್ಲ ಆಲೂಗಡ್ಡೆಯ ಹೊಲಗಳು. ಹಾಸನದ ಕಡೆಯ ಗ್ರಾಹಕರಿಗೆ ಇದು ವಿಶೇಷ ಆಸಕ್ತಿ ಹುಟ್ಟಿಸಬಹುದು. ನಮ್ಮಲ್ಲಿ ಕುಫ್ರಿ ಜ್ಯೋತಿ ಹೇಗೋ ಅಲ್ಲಿ ಗ್ರಾನೋಲಾ ತಳಿ ಹಾಗೆ. 1980ರ ದಶಕದಿಂದ ಈ ಬೆಳೆ ತಂದ ಹಣದಿಂದಲೇ ಇಲ್ಲಿ ಗಟ್ಟಿ ಮನೆಗಳು ಎದ್ದವು, ಬೈಕುಗಳು ಬಂದವು. ಅದೇ ಬೆಳೆಗಾಗಿ ಕಾಡು ಗುಡ್ಡದ ನೆತ್ತಿಯವರೆಗೂ ಕರಗಿತು. ಹೊಲದ ಏರಿಯ ಮೇಲೆ ನಿಂತು ನೋಡಿದರೆ ಸಾಲುಗಳು ಇಳಿಜಾರಿಗೆ ಅಡ್ಡವಾಗಿರದೆ ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿದಿರುವುದು ಕಾಣುತ್ತದೆ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆಂದು ರೈತರು ಹೀಗೆ ಮಾಡುತ್ತಾರೆ, ಮಳೆಯ ಜೊತೆ ಮೇಲ್ಮಣ್ಣೂ ಅದೇ ಸಾಲಿನಲ್ಲಿ ಹರಿದುಹೋಗುತ್ತದೆ. ಡಿಯೆಂಗ್‌ನಲ್ಲಿ ಹುಟ್ಟುವ ಸೆರಾಯು ನದಿ ಆ ಮಣ್ಣನ್ನು ಹೊತ್ತುಕೊಂಡು ಹೋಗಿ ಕೆಳಗಿನ ಮ್ರಿಚಾ ಜಲಾಶಯದಲ್ಲಿ ಹೂಳು ತುಂಬಿಸುತ್ತಿದೆ. ಪ್ರವಾಸಿಗರನ್ನು ಮನೆಯಲ್ಲಿ ಉಳಿಸಿಕೊಂಡು ಬರುವ ಆದಾಯ ಈ ಸಮಸ್ಯೆಯನ್ನು ಬಗೆಹರಿಸುತ್ತದೆಂದು ನಾವು ಹೇಳುವುದಿಲ್ಲ. ಆದರೆ ಬೆಳಗ್ಗೆ ಬಂದು ಮಧ್ಯಾಹ್ನ ಹೊರಟುಹೋಗುವ ವಾಹನದಿಂದ ಊರಿಗೆ ಸಿಗುವುದು ಪಾರ್ಕಿಂಗ್ ಹಣ ಮತ್ತು ಕಸ ಎಂಬುದಂತೂ ಕಣ್ಣಿಗೆ ಕಾಣುವ ಸಂಗತಿ.

ಹೊಲಗಳ ಬದುವಿನಲ್ಲಿ ಕಾರಿಕಾ ಎಂಬ ಗಿಡ ಬೆಳೆಯುತ್ತದೆ. ಆಂಡಿಸ್ ಪರ್ವತ ಮೂಲದ, ಡಚ್ಚರ ಆಳ್ವಿಕೆಯಲ್ಲಿ ಬಂದ ಪರಂಗಿಯ ಜಾತಿಯಿದು. ಹಣ್ಣು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಇದರ ಸಿಪ್ಪೆಯಲ್ಲಿ ತುರಿಕೆಯ ಸೊನೆಯಿರುವುದರಿಂದ ಸುಲಿಯುವ ಹೆಂಗಸರು ಕೈಗವಸು ಹಾಕಿಕೊಂಡು ಕೂರುತ್ತಾರೆ. ತಿರುಳನ್ನು ಹೋಳು ಮಾಡಿ ಒಂದು ಕಡೆ, ಬೀಜಕ್ಕೆ ಅಂಟಿದ ಲೋಳೆಯನ್ನು ಇನ್ನೊಂದು ಕಡೆ ಇಡುತ್ತಾರೆ. ಘಮವೆಲ್ಲ ಆ ಲೋಳೆಯಲ್ಲೇ ಇರುವುದರಿಂದ ಅದನ್ನು ಸೋಸಿ ಸಕ್ಕರೆ ಪಾಕಕ್ಕೆ ಬೆರೆಸಿ, ಹೋಳುಗಳ ಮೇಲೆ ಸುರಿದು ಬಾಟಲಿ ತುಂಬುತ್ತಾರೆ. ಎರಡನೆಯ ದಿನ ಮಧ್ಯಾಹ್ನ ಈ ಕೆಲಸವನ್ನು ಹತ್ತಿರದಿಂದ ನೋಡಲು ವ್ಯವಸ್ಥೆಯಿದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ದಯವಿಟ್ಟು ಗಮನಿಸಬೇಕು. ವೊನೊಸೊಬೊದ ಪ್ರಸಿದ್ಧ ತಿನಿಸಾದ ಮಿ ಓಂಗ್‌ಕ್ಲೋಕ್ ನೋಡಲು ಎಲೆಕೋಸು ಹಾಕಿದ ನೂಡಲ್ಸ್‌ನಂತಿದ್ದರೂ, ಅದರ ಮಂದವಾದ ಗೊಜ್ಜಿನಲ್ಲಿ ಒಣ ಸೀಗಡಿ ಇರುತ್ತದೆ. ಜೊತೆಗೆ ಕಡ್ಡಿಗೆ ಚುಚ್ಚಿ ಸುಟ್ಟ ಗೋಮಾಂಸ ಕೊಡುವುದು ಅಲ್ಲಿನ ರೂಢಿ. ಹುದುಗಿಸಿದ ಸೋಯಾ ಕಾಳಿನ ಬಿಲ್ಲೆಯನ್ನು ಅರಿಸಿನ ಬೆರೆಸಿದ ಹಿಟ್ಟಿನಲ್ಲಿ ಅದ್ದಿ ಕರಿಯುವ ತೆಂಪೆ ಕೆಮುಲ್ ನಮ್ಮ ಬಜ್ಜಿಯ ಹಾಗಿದ್ದು, ಸಸ್ಯಾಹಾರಿಗಳೂ ತಿನ್ನಬಹುದು. ನಮ್ಮ ಅಡುಗೆಯವರು ತಂಡದೊಂದಿಗೇ ಇರುತ್ತಾರೆ. ಮನೆಗಳು ಸ್ವಚ್ಛವಾಗಿವೆ, ಹೋಟೆಲಿನ ಸೌಕರ್ಯ ನಿರೀಕ್ಷಿಸಬಾರದು. ಊರಿನವರು ಮುಸ್ಲಿಮರಾದ್ದರಿಂದ ನಸುಕಿನಲ್ಲಿ ಮಸೀದಿಯ ಕರೆ ಕೇಳಿಸುತ್ತದೆ, ಮನೆಗಳಲ್ಲಿ ಮದ್ಯಕ್ಕೆ ಅವಕಾಶವಿಲ್ಲ.

ಹೊರಡುವ ತಿಂಗಳುಗಳನ್ನೂ ಬದಲಿಸಿದ್ದೇವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ಮಳೆಗಾಲ, ಗುಡ್ಡ ಕುಸಿಯುವ ಕಾಲ. ನೆರೆಯ ಬಾಂಜಾರ್ನೆಗಾರಾ ಜಿಲ್ಲೆಯ ಜೆಂಬ್ಲುಂಗ್ ಎಂಬ ಊರು 2014ರ ಡಿಸೆಂಬರ್‌ನಲ್ಲಿ ಮಣ್ಣಿನಡಿ ಹೂತುಹೋಯಿತು. ಆದ್ದರಿಂದ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಾತ್ರ ತಂಡಗಳು ಹೊರಡುತ್ತವೆ. ಜುಲೈ, ಆಗಸ್ಟ್‌ನ ಕೆಲವು ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದು ಇಬ್ಬನಿ ಹೆಪ್ಪುಗಟ್ಟುತ್ತದೆ. ನೋಡುವವರಿಗೆ ಅದು ಚೆಂದ, ಆಲೂಗಡ್ಡೆ ಬೆಳೆದವರಿಗೆ ನಷ್ಟ. ಉಣ್ಣೆಯ ಬಟ್ಟೆ, ಟೋಪಿ, ಕಾಲುಚೀಲ ಕಡ್ಡಾಯವಾಗಿ ತನ್ನಿ. ಜಡೆಗಟ್ಟಿದ ಕೂದಲಿನ ಮಕ್ಕಳ ಕೇಶ ಕತ್ತರಿಸುವ ವಿಧಿ ನಡೆಯುವ ಡಿಯೆಂಗ್ ಉತ್ಸವದ ವಾರದಲ್ಲಿ ಮನೆಗಳೂ ರಸ್ತೆಗಳೂ ತುಂಬಿರುವುದರಿಂದ ಆ ದಿನಗಳಲ್ಲಿ ತಂಡ ಒಯ್ಯುವುದಿಲ್ಲ.

ಬಿಸಿ ಕೆಸರು ಕುದಿಯುವ ಜ್ವಾಲಾಮುಖಿ ಕುಂಡಗಳ ಭೇಟಿಯನ್ನು ಖಾತ್ರಿಯ ಪಟ್ಟಿಯಿಂದ ತೆಗೆದಿದ್ದೇವೆ. 1979ರ ಫೆಬ್ರವರಿಯಲ್ಲಿ ಸಿನಿಲಾ ಕುಂಡ ಸಿಡಿದಾಗ, ಓಡಿಹೋಗುತ್ತಿದ್ದ ಹಳ್ಳಿಗರು ದಾರಿಯಲ್ಲಿ ಮಡುಗಟ್ಟಿದ್ದ ಇಂಗಾಲದ ಡೈಆಕ್ಸೈಡ್‌ಗೆ ಸಿಕ್ಕಿ 149 ಮಂದಿ ಸತ್ತರು. 2017ರ ಜುಲೈನಲ್ಲಿ ಸಿಲೆರಿ ಕುಂಡ ಸಿಡಿದು ಪ್ರವಾಸಿಗರು ಗಾಯಗೊಂಡರು. ಭೇಟಿಯ ದಿನ ಅಲ್ಲಿನ ಅಧಿಕಾರಿಗಳು ಸುರಕ್ಷಿತವೆಂದರೆ ಮಾತ್ರ ಸಿಕಿದಾಂಗ್ ಕುಂಡಕ್ಕೆ ಹೋಗುತ್ತೇವೆ, ಇಲ್ಲವಾದರೆ ವಾರ್ನಾ ಕೆರೆಯ ದಂಡೆಯಲ್ಲಿ ನಡಿಗೆ ಇರುತ್ತದೆ.

ಊರಿನ ಮನೆಗಳಲ್ಲಿ ಹಂಚಿ ಉಳಿಯಬೇಕಾದ್ದರಿಂದ ತಂಡದ ಮಿತಿಯನ್ನು 16 ಜನರಿಗೆ ಇಳಿಸಿದ್ದೇವೆ. ದೊಡ್ಡ ಬಸ್ಸಿನ ಬದಲು ಎರಡು ಸಣ್ಣ ವಾಹನಗಳು ಮತ್ತು ಸ್ಥಳೀಯ ಮಾರ್ಗದರ್ಶಿ ಬೇಕಾಗುವುದರಿಂದ ಶುಲ್ಕ ತಲಾ 4,800 ರೂಪಾಯಿ ಏರುತ್ತದೆ. ಈಗಾಗಲೇ ಪೂರ್ತಿ ಹಣ ಕಟ್ಟಿದವರಿಂದ ಈ ಹೆಚ್ಚುವರಿ ಮೊತ್ತ ಪಡೆಯುವುದಿಲ್ಲ. ಮಂಡಿನೋವು, ಉಬ್ಬಸ ಅಥವಾ ಹೃದಯದ ತೊಂದರೆಯಿರುವವರು ವೈದ್ಯರ ಸಲಹೆ ಪಡೆದು ಮೊದಲೇ ತಿಳಿಸಿದರೆ, ಗುಡ್ಡ ಏರದೆ ಕೆರೆಯ ದಡದಲ್ಲೇ ಬೆಳಗು ಕಳೆಯಲು ಅನುಕೂಲ ಮಾಡಿಕೊಡುತ್ತೇವೆ. ಬದಲಾವಣೆ ಒಪ್ಪಿಗೆಯಾಗದವರು ಈ ತಿಂಗಳ ಕೊನೆಯೊಳಗೆ ಕಚೇರಿಗೆ ಬರೆದು ತಿಳಿಸಿದಲ್ಲಿ, ಕಟ್ಟಿದ ಹಣವನ್ನು ಯಾವುದೇ ಕಡಿತವಿಲ್ಲದೆ ಹಿಂತಿರುಗಿಸಲಾಗುವುದು.

ಇಂತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಪ್ರವಾಸ ವಿಭಾಗ